ಪರಿಗ್ರಹ ಪರಿಮಾಣವೂ ಹಳೆಯ ಕಾರೂ

ಪರಿಗ್ರಹ ಪರಿಮಾಣಾಣುವ್ರತವನ್ನು ಸ್ವೀಕರಿಸುವ ಶ್ರಾವಕನು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಿಗೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳುತ್ತಾನೆ. ಎಲ್ಲೆಯನ್ನು ಗೊತ್ತುಪಡಿಸುವವನೂ ಅದನ್ನು ಕಾಯುವವನೂ ಒಬ್ಬನೇ ಆಗಿರುವುದರಿಂದ ಆತ್ಮವಂಚನೆಗೆ ಈ ವ್ರತದಲ್ಲಿರುವಷ್ಟು ಅವಕಾಶ ಬೇರೆ ವ್ರತಗಳಲ್ಲಿ ಕಾಣದು. ಪರಿಗ್ರಹವೆಂಬುದು ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಣ ಮೂರ್ಛೆಯಲ್ಲಿದೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿರುವುದರಿಂದ ಲೆಕ್ಕ ಮತ್ತಷ್ಟು ಸೂಕ್ಷ್ಮವಾಗುತ್ತದೆ.

ಒಂದು ಪ್ರಸಂಗವನ್ನು ಭಾವಿಸಿ ನೋಡಬಹುದು. ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಮೋಟಾರು ಕಾರುಗಳ ನಗರ. ಅಲ್ಲಿಯ ಕನ್ನಡಿಗರು ತಮ್ಮ ಕೂಟಕ್ಕೆ ಜೈನ ಕವಿಯಾದ ಪಂಪನ ಹೆಸರನ್ನು ಇಟ್ಟುಕೊಂಡಿದ್ದಾರೆ. ಆ ನಗರದ ಹೊರವಲಯದಲ್ಲಿ ನೆಲೆಸಿದ ಹಾಸನದ ಕಡೆಯ ಶ್ರಾವಕನೊಬ್ಬನು ಮನೆಗೆ ಎರಡೇ ವಾಹನವೆಂದು ವ್ರತ ತೊಟ್ಟಿದ್ದಾನೆ. ಐವತ್ತೈದರ ಪ್ರಾಯದಲ್ಲಿ ಅವನ ಮನಸ್ಸು ಒಂದು ಹಳೆಯ ಮಾಜ್ದಾ ಮಿಯಾಟಾ ಕಾರಿನ ಮೇಲೆ ನೆಟ್ಟಿದೆ. 1989ರ ಫೆಬ್ರುವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಜಪಾನೀ ಕಾರಿಗೆ ಎರಡೇ ಆಸನಗಳು, ಹಿಂದಕ್ಕೆ ಮಡಿಸಿಡಬಹುದಾದ ಮೃದುವಾದ ಛಾವಣಿ, 1.6 ಲೀಟರಿನ ಎಂಜಿನ್. ತೂಕ ಒಂದು ಟನ್ನಿಗೂ ಕಡಿಮೆ. 2016ರ ವೇಳೆಗೆ ಇಂಥ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಮನೆಯ ನಾಲ್ವರು ಒಟ್ಟಿಗೆ ಬಸದಿಗೆ ಹೋಗಲು ಇದು ಒದಗದು. ತಿಂಗಳ ದಿನಸಿ ತರುವುದಕ್ಕೂ ಅಷ್ಟಕ್ಕಷ್ಟೇ. ಮುಖಕ್ಕೆ ಗಾಳಿ ಬಡಿಯುವ ಸುಖವೇ ಇದರ ಪ್ರಯೋಜನ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ. ಲೋಭದಿಂದ ಎತ್ತು ಮೊದಲಾದ ಪ್ರಾಣಿಗಳನ್ನು ಅವುಗಳ ಶಕ್ತಿ ಮೀರಿ ನಡೆಸುವುದೆಂದು ಸಂಸ್ಕೃತ ವ್ಯಾಖ್ಯಾನವು ಅರ್ಥಮಾಡುತ್ತದೆ; ಬೇಕಾದುದಕ್ಕಿಂತ ಹೆಚ್ಚು ವಾಹನಗಳನ್ನು ಇಟ್ಟುಕೊಳ್ಳುವುದೆಂದು ಆಧುನಿಕ ಅನುವಾದಕರು ಹೇಳುವುದುಂಟು. ಮೂರನೆಯ ಅತಿಚಾರ ವಿಸ್ಮಯ, ಅಂದರೆ ಪರರ ಲಾಭವನ್ನೂ ಸಂಪತ್ತನ್ನೂ ಕಂಡು ಮನಸ್ಸು ಕಲಕುವುದು. ಮಾರಾಟದ ಜಾಹೀರಾತುಗಳನ್ನು ನಡುರಾತ್ರಿಯವರೆಗೆ ನೋಡುತ್ತ ಕುಳಿತವನಿಗೆ ಈ ದೋಷವು ಕಾರು ಬರುವ ಮೊದಲೇ ಅಂಟಿರುತ್ತದೆ.

ಮೂರನೆಯ ಕಾರನ್ನು ಮಗನ ಹೆಸರಿನಲ್ಲಿ ನೋಂದಾಯಿಸಿದರೆ ವ್ರತ ಉಳಿಯುವುದೆಂಬ ಯುಕ್ತಿ ಯಾರಿಗಾದರೂ ಹೊಳೆಯಬಹುದು. ಕೀಲಿಕೈ ತಂದೆಯ ಜೇಬಿನಲ್ಲಿದ್ದು ಕಾಗದ ಮಾತ್ರ ಮಗನ ಹೆಸರಿನಲ್ಲಿದ್ದರೆ ವ್ರತಕ್ಕೆ ಭಂಗ ಬಂದಿತೆಂದೇ ತಿಳಿಯಬೇಕು. ಇರುವ ಎರಡರಲ್ಲಿ ಒಂದನ್ನು ಮಾರಿ ಇದನ್ನು ಕೊಳ್ಳುವುದಾದರೆ ಲೆಕ್ಕ ಸರಿಹೋಗುತ್ತದೆ. ಆದರೆ ಮಾರುವುದು ತನ್ನ ಕಾರನ್ನೋ ಹೆಂಡತಿಯ ಕಾರನ್ನೋ ಎಂಬಲ್ಲಿ ಆ ಗೃಹಸ್ಥನ ಮೂರ್ಛೆಯ ಆಳ ತಿಳಿದುಬರುತ್ತದೆ.

ಹಳೆಯದನ್ನು ಕೊಳ್ಳುವುದರಲ್ಲಿ ಹಿಂಸೆ ಕಡಿಮೆ ಎಂಬ ವಾದಕ್ಕೆ ಬಲವಿದೆ. ಉಕ್ಕು ಕರಗಿಯಾಗಿದೆ, ಗಣಿ ಅಗೆದಾಗಿದೆ. ಹೊಸ ಆರಂಭಕ್ಕೆ ಇವನು ಕಾರಣನಾಗುವುದಿಲ್ಲ. ತೊಡಕು ಬರುವುದು ಆಸನಗಳಲ್ಲಿ. ಈ ಕಾರಿನ ಸಾಮಾನ್ಯ ಆಸನಗಳಿಗೆ ಬಟ್ಟೆಯ ಹೊದಿಕೆಯಿತ್ತು. ಹೆಚ್ಚಿನ ಹಣ ಕೊಟ್ಟವರಿಗೆ ಚರ್ಮದ್ದು ದೊರೆಯುತ್ತಿತ್ತು. ಪ್ರಾಣಿಯು ಸತ್ತು ಮೂವತ್ತು ವರ್ಷಗಳಾದವು, ಕೊಲ್ಲಿಸಿದವನು ಮೊದಲ ಒಡೆಯ ಎಂದು ಕೊಳ್ಳುವವನು ಸಮಾಧಾನ ಹೇಳಿಕೊಳ್ಳಬಹುದು. ಜಿನಶಾಸನದಲ್ಲಿ ಕೃತ, ಕಾರಿತಗಳೊಡನೆ ಅನುಮೋದಿತವೂ ಇದೆ. ಬಟ್ಟೆಯ ಆಸನದ ಕಾರಿಗಿಂತ ಚರ್ಮದ ಆಸನದ ಕಾರಿಗೆ ಇನ್ನೂರು ಡಾಲರ್ ಹೆಚ್ಚು ಕೊಟ್ಟನಾದರೆ ಆ ಇನ್ನೂರು ಡಾಲರು ಶುದ್ಧವಾದ ಅನುಮೋದನೆಯೇ ಆಯಿತು. ಇದ್ದ ಚರ್ಮವನ್ನು ಕಿತ್ತು ಬಟ್ಟೆ ಹಾಕಿಸುವುದರಿಂದ ಸತ್ತ ಪಶುವಿಗೆ ಲಾಭವೇನೂ ಇಲ್ಲ. ಪ್ರತಿದಿನ ಅದರ ಮೇಲೆ ಕುಳಿತು ಮನಸ್ಸು ಒರಟಾಗುವುದು ಮಾತ್ರ ತಪ್ಪೀತು. ಅಷ್ಟೂ ಸಣ್ಣದಲ್ಲ.

ಇನ್ನು ಕಾಲದ ಎಲ್ಲೆ. ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಸಮಂತಭದ್ರರು ಭೋಜನ, ಶಯನ, ಸ್ನಾನ, ತಾಂಬೂಲಗಳ ಜೊತೆಗೆ ವಾಹನವನ್ನೂ ಹೆಸರಿಸಿ, ಒಂದು ದಿನ, ಪಕ್ಷ, ಮಾಸ, ಋತು, ಅಯನ ಹೀಗೆ ಅವಧಿ ಗೊತ್ತುಮಾಡಿ ತ್ಯಜಿಸುವುದು ನಿಯಮವೆಂದಿದ್ದಾರೆ. ಮಿಶಿಗನ್ನಿನ ಹಿಮಕ್ಕೂ ರಸ್ತೆಗೆ ಎರಚುವ ಉಪ್ಪಿಗೂ ಹೆದರಿ ಹಳೆಯ ಕಾರಿನವರು ಹೇಗೂ ಐದಾರು ತಿಂಗಳು ಅದನ್ನು ಹೊರಗೆ ತೆಗೆಯುವುದಿಲ್ಲ. ತುಕ್ಕಿಗೆ ಹೆದರಿ ಬಿಟ್ಟದ್ದಕ್ಕೂ ಅಯನದ ನಿಯಮವೆಂದು ಬಿಟ್ಟದ್ದಕ್ಕೂ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ನಿರ್ಜರೆಯ ಲೆಕ್ಕದಲ್ಲಿ ಬಹಳವಿದೆ.

ಆದರೆ ಈ ವ್ಯವಹಾರದಲ್ಲಿ ಅತ್ಯಂತ ಕಠಿನವಾದ ಪರೀಕ್ಷೆ ಪರಿಗ್ರಹದ್ದಲ್ಲ, ಅಚೌರ್ಯದ್ದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳು ಹಳೆಯ ಕಾರಿನ ವ್ಯಾಪಾರಕ್ಕೆಂದೇ ಬರೆದಂತಿವೆ. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ; ಕಾರಿನ ಮೇಲಿನ ಸಂಖ್ಯೆಯನ್ನೂ ಒಡೆತನದ ಪತ್ರವನ್ನೂ ತಾಳೆ ನೋಡದೆ ಹಣ ಕೊಡುವವನು ಅದರ ಬಾಗಿಲಲ್ಲೇ ನಿಂತಿದ್ದಾನೆ. ವಿರುದ್ಧರಾಜ್ಯಾತಿಕ್ರಮವೆಂದರೆ ರಾಜ್ಯದ ನಿಯಮವನ್ನು ಮೀರಿ ಲಾಭ ಪಡೆಯುವುದು. ಮಿಶಿಗನ್ನಿನಲ್ಲಿ ಕೊಳ್ಳುವವನು ಬೆಲೆಯ ಮೇಲೆ ನೂರಕ್ಕೆ 6ರಂತೆ ತೆರಿಗೆ ಕೊಡಬೇಕಾಗಿ, ಪತ್ರದಲ್ಲಿ ಕಡಿಮೆ ಬರೆಯೋಣವೆಂಬ ಮಾತು ಇಬ್ಬರ ಬಾಯಲ್ಲೂ ಸುಲಭವಾಗಿ ಬರುತ್ತದೆ. ಈ ಕಾರಿನಲ್ಲಿ ಛಾವಣಿಯ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಿನ ಕೊಳವೆಗಳ ಮೂಲಕ ಕೆಳಗೆ ಇಳಿಯುತ್ತದೆ. ಅವುಗಳಲ್ಲಿ ಎಲೆ, ಕಸ ಕಟ್ಟಿಕೊಂಡರೆ ಬಾಗಿಲ ಕೆಳಗಿನ ಉಕ್ಕು ಒಳಗಿನಿಂದಲೇ ತುಕ್ಕು ಹಿಡಿಯುತ್ತ ಬಂದು, ಹಿಂದಿನ ಚಕ್ರದ ಮುಂದುಗಡೆ ಬಣ್ಣ ಗುಳ್ಳೆ ಏಳುತ್ತದೆ. ಆ ಗುಳ್ಳೆಯನ್ನು ಲಪ್ಪ ಮೆತ್ತಿ, ಬಣ್ಣ ಹೊಡೆದು ಮುಚ್ಚಿ ಮಾರುವುದು ಪ್ರತಿರೂಪಕ ವ್ಯವಹಾರ. ಓಡಿದ ಮೈಲಿಗಳನ್ನು ತೋರಿಸುವ ಮಾಪಕವನ್ನು ಹಿಂದಕ್ಕೆ ತಿರುಗಿಸುವುದಂತೂ ಹೀನಾಧಿಕ ಮಾನೋನ್ಮಾನವೇ. ಸೇರು, ತಕ್ಕಡಿಗಳ ಜಾಗದಲ್ಲಿ ಮಾಪಕ ಬಂದಿದೆ, ಅಷ್ಟೇ. ಅಮೆರಿಕದ ಸಂಯುಕ್ತ ಸರ್ಕಾರವು 1972ರ ಕಾಯಿದೆಯಿಂದ ಇದನ್ನು ನಿಷೇಧಿಸಿತು. ಆದರೆ ಮಾರುವಾಗ ಮೈಲಿಗಳನ್ನು ಬರೆದುಕೊಡಬೇಕೆಂಬ ನಿಯಮದಿಂದ 2010 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಈಗ ವಿನಾಯಿತಿಯಿದೆ. ವ್ರತದಲ್ಲಿ ಅಂಥ ವಿನಾಯಿತಿಯಿಲ್ಲ.

ಇವೆಲ್ಲ ಹೆಚ್ಚಾಗಿ ಮಾರುವವನ ದೋಷಗಳು. ಕೊಳ್ಳುವವನ ದೋಷದ ಬಗ್ಗೆ ಲೋಕ ಅಷ್ಟು ಮಾತನಾಡುವುದಿಲ್ಲ. ಇಲ್ಲದ ತುಕ್ಕನ್ನು ಇದೆಯೆಂದು ಹೇಳಿ ಬೆಲೆ ಇಳಿಸುವುದು ಸತ್ಯವ್ರತಕ್ಕೆ ವಿರುದ್ಧವೆಂಬುದು ಎಲ್ಲರಿಗೂ ಗೊತ್ತು. ಮೌನವಾಗಿದ್ದರೆ?

ಕಾರನ್ನು ಮಾರುತ್ತಿರುವವಳು ಒಬ್ಬ ವೃದ್ಧೆ. ಗಂಡ ತೀರಿಕೊಂಡು ವರ್ಷವಾಗಿದೆ. ಅವನು ಮಗುವಿನಂತೆ ನೋಡಿಕೊಂಡಿದ್ದ ಕಾರು ಮನೆಯ ಮುಂದಿನ ಶೆಡ್ಡಿನಲ್ಲಿದೆ. ಅದರ ಬೆಲೆ ಅವಳಿಗೆ ತಿಳಿಯದು, ಎರಡೂವರೆ ಸಾವಿರ ಡಾಲರ್ ಎಂದಿದ್ದಾಳೆ. ತಿಂಗಳುಗಟ್ಟಲೆ ಜಾಹೀರಾತು ನೋಡಿದ ಶ್ರಾವಕನಿಗೆ ಅದು ಏಳು ಸಾವಿರಕ್ಕೆ ಬೆಲೆಬಾಳುವುದೆಂದು ನಿಂತ ಕಾಲಲ್ಲೇ ತಿಳಿದಿದೆ. ಅವನು ಸುಳ್ಳಾಡಿಲ್ಲ, ಅವಳು ಕೇಳಿದ್ದನ್ನೇ ಕೊಡುತ್ತಿದ್ದಾನೆ. ಕೊಟ್ಟದ್ದನ್ನು ತೆಗೆದುಕೊಳ್ಳುವುದು ಅದತ್ತಾದಾನವಲ್ಲವೆಂದು ವಾದಿಸಲೂಬಹುದು. ಆದರೆ ಅವಳು ಕೊಡುತ್ತಿರುವುದು ಎರಡೂವರೆ ಸಾವಿರದ ವಸ್ತುವೆಂದು ತಿಳಿದು. ಉಳಿದ ನಾಲ್ಕೂವರೆ ಸಾವಿರವನ್ನು ಅವಳು ಕೊಟ್ಟಿಲ್ಲ; ತನ್ನಲ್ಲಿದೆಯೆಂದೇ ಅವಳಿಗೆ ಗೊತ್ತಿಲ್ಲ. ಮಾರುವುದೇ ಕಸುಬಾದ ವ್ಯಾಪಾರಿಯ ಎದುರು ಇದೇ ಮೌನಕ್ಕೆ ಇಷ್ಟು ಭಾರ ಬರಲಾರದು, ಏಕೆಂದರೆ ಬೆಲೆ ತಿಳಿಯುವುದು ಅವನ ಕೆಲಸ. ವೃದ್ಧೆಯ ಎದುರಿನ ಮೌನವು ಅವಳ ಅಜ್ಞಾನವನ್ನೂ ದುಃಖವನ್ನೂ ಒಟ್ಟಿಗೆ ಅಳೆದುಕೊಂಡು ಹೂಡಿದ ಲೆಕ್ಕ.

ಅವನು ಬಾಯಿ ತೆರೆದು ಹೇಳಿದನೆಂದರೆ ಅವಳು ಬೆಲೆ ಏರಿಸಬಹುದು, ಅಥವಾ ಗಂಡನ ಕಾರು ಇಷ್ಟು ಬಲ್ಲವನ ಕೈಗೇ ಹೋಗಲೆಂದು ನಾಲ್ಕು ಸಾವಿರಕ್ಕೆ ಒಪ್ಪಬಹುದು. ಏಳು ಸಾವಿರವೇ ಆದರೆ ಇವನ ಕೈಯಲ್ಲಿ ಅಷ್ಟಿಲ್ಲ. ಆಗ ಮುಂದಿನ ವಾರ ಬೇರೊಬ್ಬನು ಛಾವಣಿ ಮಡಿಸಿಕೊಂಡು ಆ ಶೆಡ್ಡಿನಿಂದ ಹೊರಡುತ್ತಾನೆ. ಇವನ ಮನೆಯಲ್ಲಿ ಮೊದಲಿದ್ದ ಎರಡು ವಾಹನಗಳೇ ಇರುತ್ತವೆ.