ಯಾರು ಒಡೆದದ್ದು, ಯಾರು ಕಟ್ಟಿದ್ದು

ರಜೆ ಬಂದರೆ ಮಕ್ಕಳಿಗೆ ಚರಿತ್ರೆ ತೋರಿಸಬೇಕೆಂಬ ಹುಕಿ ಈಗೀಗ ನಮ್ಮೂರಿನವರಿಗೂ ಹತ್ತಿದೆ. ಡಿಸೆಂಬರ್ ಕೊನೆಯಲ್ಲಿ ಬಿಕರ್ನಕಟ್ಟೆಯ ಮನೆಗಳಿಗೆ ಬೆಂಗಳೂರು, ಮುಂಬೈ, ಗಲ್ಫಿನಿಂದ ಮಕ್ಕಳು ಬಂದಿಳಿಯುತ್ತಾರೆ. ನಾಲ್ಕು ದಿನ ನೀರುದೋಸೆ, ಕೋರಿರೊಟ್ಟಿ ಆದ ಮೇಲೆ ‘ಎಲ್ಲಿಗಾದರೂ ಹೋಗುವ’ ಎಂಬ ಮಾತು ಏಳುತ್ತದೆ. ಒಬ್ಬರು ಹಂಪಿ ಎನ್ನುತ್ತಾರೆ, ಇನ್ನೊಬ್ಬರು ಹಳೇಬೀಡು ಎನ್ನುತ್ತಾರೆ. ಕೈಯಲ್ಲಿ ದುಡ್ಡಾಡುವವರು ಗ್ರೀಸಿನ ದ್ವೀಪಗಳವರೆಗೂ ಹೋಗಿಬಂದು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕುತ್ತಾರೆ. ಹಾಳುಬಿದ್ದ ಹಳೆಯ ಗುಡಿ, ಆಚೆಗೆ ಕಡಲು, ಕಡಲಿನಲ್ಲೊಂದು ದ್ವೀಪ ಇಷ್ಟೇ ಬೇಕಿದ್ದರೆ ನಂತೂರಿನಲ್ಲಿ ಉಡುಪಿ ಕಡೆಗೆ ತಿರುಗಿದರೆ ಸಾಕು. ಬ್ರಹ್ಮಾವರ ಮುಟ್ಟಿ ಸ್ವಲ್ಪ ಒಳಗೆ ಹೋದರೆ ಬಾರಕೂರು. ಅಲ್ಲಿಂದ ಹಿಂದೆ ಬಂದು ಮಲ್ಪೆಯಲ್ಲಿ ಬೋಟು ಹತ್ತಿದರೆ ಸೈಂಟ್ ಮೇರೀಸ್ ದ್ವೀಪ, ಹಳಬರ ಬಾಯಲ್ಲಿ ತೋನ್ಸೆಪಾರ್. ಮೊನ್ನೆಯ ರಜೆಯಲ್ಲಿ ತಂಗಿಯ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಾವು ಹೋದದ್ದು ಅಲ್ಲಿಗೇ.

ಕರಾವಳಿಯಲ್ಲಿ ‘ಅವಶೇಷ’ ಎಂದು ಬೆರಳು ತೋರಿಸುವಂಥದ್ದು ಕಡಿಮೆ. ಹಂಪಿಯಲ್ಲಿ ಬೀಳುವುದರ ನಾಲ್ಕೈದು ಪಟ್ಟು ಮಳೆ ಇಲ್ಲಿ ಬೀಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ. ನಮ್ಮ ಹಿರಿಯರು ಕಟ್ಟಿದ್ದು ಮುರಕಲ್ಲು, ಮಣ್ಣು, ಮರದಲ್ಲಿ. ಮಾಡು ಒಂದು ಮಳೆಗಾಲ ಸೋರಿದರೆ ಎರಡನೆಯದಕ್ಕೆ ತೊಲೆ ಕೊಳೆಯುತ್ತದೆ, ಮೂರನೆಯದಕ್ಕೆ ಗೋಡೆ ಕುಳಿತುಬಿಡುತ್ತದೆ, ಆಮೇಲೆ ಅಲ್ಲಿ ತೆಂಗಿನ ಸಸಿ. ಉಳಿದುಕೊಂಡ ದೇವಸ್ಥಾನಗಳದು ಇನ್ನೊಂದು ಕತೆ. ಅವುಗಳಿಗೆ ತಪ್ಪದೆ ಜೀರ್ಣೋದ್ಧಾರ, ಬ್ರಹ್ಮಕಲಶ ನಡೆಯುತ್ತದೆ. ಹೊಸ ಕರಿಗಲ್ಲು, ಹೊಸ ತಾಮ್ರದ ಹೊದಿಕೆ ಬರುತ್ತದೆ. ಹಳೆಯ ಕಂಬವೊಂದು ಹಿಂದಿನ ತೋಟದ ಬದಿಗೆ ಮಗುಚಿ ಬಿದ್ದಿರುತ್ತದೆ, ಅದರ ಮೇಲೆ ಯಾರೋ ತೆಂಗಿನಕಾಯಿ ಸುಲಿಯುತ್ತಿರುತ್ತಾರೆ. ಮಳೆಗೆ ಸಿಕ್ಕದ್ದು ಭಕ್ತಿಗೆ ಸಿಗುತ್ತದೆ. ಎರಡಕ್ಕೂ ಸಿಗದೆ ನಿಂತ ಅಪರೂಪದ ಜಾಗಗಳಲ್ಲಿ ಬಾರಕೂರಿನ ಕತ್ತಲೆ ಬಸದಿಯೂ ಒಂದು.

ಹೋಗುವ ದಾರಿಯಲ್ಲಿ ಹೆಜಮಾಡಿಯ ಟೋಲ್ ಸಿಕ್ಕಿದ್ದು ಒಳ್ಳೆಯದೇ ಆಯಿತು. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ 1342ರಲ್ಲಿ ಈ ಕರಾವಳಿಯಲ್ಲಿ ಹಾದುಹೋದವನು. ಬಾರಕೂರನ್ನು ಅವನು ಫಾಕನೂರ್ ಎಂದು ಕರೆದಿದ್ದಾನೆ, ಅಲ್ಲಿಯ ಕಬ್ಬನ್ನು ಹೊಗಳಿದ್ದಾನೆ. ಅಲ್ಲಿ ಹಾದುಹೋಗುವ ಹಡಗು ನಿಂತು ಅರಸನಿಗೆ ಕಾಣಿಕೆ ಸಲ್ಲಿಸಿಯೇ ಮುಂದಕ್ಕೆ ಹೋಗಬೇಕಿತ್ತು. ಕೊಡದೆ ತಪ್ಪಿಸಿಕೊಂಡರೆ ಅರಸನ ಹಡಗುಗಳು ಬೆನ್ನುಹತ್ತುತ್ತಿದ್ದವು. ಇದನ್ನು ಹೇಳಿದ್ದೇ ತಡ, ಹಿಂದಿನ ಸೀಟಿನಿಂದ ಚಿಕ್ಕವನು, “ಅವರಿಗೆ ಫಾಸ್ಟ್ಯಾಗ್ ಇರಲಿಲ್ಲವಾ ಮಾವ?” ಎಂದ. ಅಷ್ಟರ ಮಟ್ಟಿಗೆ ಬಾರಕೂರು ಒಂದು ಬಂದರು ಎನ್ನುವುದು ಅವನ ತಲೆಗೆ ಹೋಯಿತು. ಈಗ ಅಲ್ಲಿ ನಿಂತು ನೋಡಿದರೆ ಸೀತಾನದಿ, ಗದ್ದೆ, ತೆಂಗು ಕಾಣುತ್ತವೆ ಹೊರತು ಹಡಗು ಬಂದುಹೋಗುತ್ತಿದ್ದ ಜಾಗವೆಂದು ಯಾರೂ ಹೇಳಲಾರರು.

ಆಳುಪರಿಗೆ ಇದು ರಾಜಧಾನಿ. ಅವರ ಲಾಂಛನ ಎರಡು ಮೀನು, ಕಡಲ ಕರೆಯ ಅರಸರಿಗೆ ಬೇರೆ ಇನ್ನೇನಿರುತ್ತದೆ! ಆಮೇಲೆ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ, ಆಳುಪ ಮನೆತನದ ಚಿಕ್ಕಾಯಿ ತಾಯಿ ಇಲ್ಲಿಂದ ಆಳಿದಳು. ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ತುಳುನಾಡಿನಲ್ಲಿ ಎರಡು ಆಡಳಿತ ಭಾಗಗಳು. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಊರು ಕೇರಿಗಳಲ್ಲಿ ಹರಡಿಕೊಂಡಿತ್ತು. ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಊರವರು ಹೇಳುತ್ತಾರೆ. ಎಣಿಸಿದವರು ಯಾರೂ ಇಲ್ಲ, ಅಲ್ಲಗಳೆದವರೂ ಇಲ್ಲ. ಈ ಊರಿನ ಕಲ್ಲುಗಳನ್ನು ಕೂತು ಓದಿದವರೆಂದರೆ ಕಲ್ಯಾಣಪುರ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ಪಾದೂರು ಗುರುರಾಜ ಭಟ್ಟರು. 1975ರಲ್ಲಿ ಬಂದ ಅವರ ತುಳುವ ಚರಿತ್ರೆಯ ದೊಡ್ಡ ಇಂಗ್ಲಿಷ್ ಗ್ರಂಥವಿಲ್ಲದೆ ನಮ್ಮಂಥವರು ಬಾರಕೂರಿನ ಬಗ್ಗೆ ಮಕ್ಕಳ ಮುಂದೆ ಬಾಯಿ ತೆರೆಯುವಂತಿಲ್ಲ.

ಬಸದಿಯಲ್ಲಿ ಮಕ್ಕಳು ಮೊದಲು ಮಾಡಿದ್ದು ಮಾತಲ್ಲ. ಚಿಕ್ಕವನು ಮುರಕಲ್ಲಿನ ಗೋಡೆಯ ತೂತುಗಳಿಗೆ ಬೆರಳು ಹಾಕಿದ. ಒಂದರಲ್ಲಿ ಇರುವೆ, ಇನ್ನೊಂದರಲ್ಲಿ ಉಗುರಿನಷ್ಟು ಉದ್ದದ ಜರಿಗಿಡ, ಮತ್ತೊಂದರಿಂದ ಕೆಂಪು ಪುಡಿ. ಆ ಪುಡಿಯನ್ನು ಅಂಗಿಗೆ ಒರೆಸಿಕೊಂಡ. ಎರಡು ಕಲ್ಲುಗಳ ಸಂದಿಯಲ್ಲಿ ಗೋಳಿಯ ಸಸಿಯೊಂದು ಬೇರಿಳಿಸಿತ್ತು. ಬೇರು ನೂಲಿನಷ್ಟು ಸಪೂರ, ಆದರೆ ಮೇಲಿನ ಕಲ್ಲು ಆಗಲೇ ಒಂದು ಬೆರಳು ಹೊರಗೆ ಸರಿದಿತ್ತು. ಅವನ ಅಕ್ಕ ಶಾಸನದ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೇಲ್ತುದಿಯ ಸೂರ್ಯಚಂದ್ರರನ್ನು ಗುರುತು ಹಿಡಿದು, ಕೆಳಗಿನದು ಕನ್ನಡವೇ ಎಂದು ಹೇಳಿದಾಗ ನಂಬಲಿಲ್ಲ. ಒಂದು ಸಾಲನ್ನು ಬೆರಳಿನಿಂದ ಸವರುತ್ತಾ ಹೋಗಿ ‘ರ’ ಒಂದನ್ನು ಪತ್ತೆ ಮಾಡಿದ ಮೇಲೆ ನಂಬಿದಳು. ಆಮೇಲೆ ಎದ್ದುನಿಂತು ಮಾಡಿಲ್ಲದ ಕಂಬಗಳನ್ನು ನೋಡಿ ಕೇಳಿದಳು: “ಮಾವ, ಇದನ್ನು ಯಾರು ಒಡೆದದ್ದು?”

ಶಾಲೆಯ ಪಾಠದಲ್ಲಿ ಹಂಪಿ ಇದೆ, 1565 ಇದೆ. ಹಾಳು ಎಂದರೆ ಯಾರೋ ಬಂದು ಒಡೆದದ್ದು ಎಂದು ಅವಳು ಕಲಿತಿದ್ದಾಳೆ. ಈಗಿನ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಲು ನಮ್ಮ ಊರಿನಲ್ಲಿ ಜನಕ್ಕೆ ಬರವಿಲ್ಲ. ಒಂದು ಹೆಸರು ಹೇಳಿ ಮಗುವಿನ ಕೈಗೆ ಒಂದು ಸಿಟ್ಟು ಕೊಟ್ಟು ಕಳುಹಿಸಿಬಿಡಬಹುದು. ಮಗುವೂ ತೃಪ್ತಿಯಿಂದ ಐಸ್‌ಕ್ರೀಮ್ ಕೇಳುತ್ತದೆ. ದಂಡೆತ್ತಿ ಬಂದವರು ಒಡೆದದ್ದು ಎಲ್ಲೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಬಸದಿ ನಿಲ್ಲಬೇಕಾದರೆ ಪ್ರತಿ ವರ್ಷ ಮಾಡು ಕಟ್ಟಿಸುವವರು ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ಗದ್ದೆಯ ಗೇಣಿ ಬೇಕು. ಬಂದರಿನ ವ್ಯಾಪಾರ ಇಳಿದು ಸೆಟ್ಟರು ಬೇರೆ ಕಡೆಗೆ ಹೋದರೆ, ಅಧಿಕಾರ ಇನ್ನೊಂದೂರಿಗೆ ಸರಿದರೆ, ಗೇಣಿ ನಿಂತರೆ, ಮುಂದಿನ ಕೆಲಸವನ್ನು ಜೂನ್ ತಿಂಗಳು ನೋಡಿಕೊಳ್ಳುತ್ತದೆ. ನಾನು ಅವಳಿಗೆ ಆ ಗೋಳಿಯ ಬೇರನ್ನು ತೋರಿಸಿದೆ. “ಇದೊಂದೇನಾ?” ಎಂದಳು. ಇದೂ ಒಂದು ಎಂದೆ. ಕಿತ್ತು ಹಾಕುವ ಎಂದು ತಮ್ಮ ಹೊರಟ. ಬೇರು ಕಿತ್ತರೆ ಕಲ್ಲೂ ಬಂದೀತು ಎಂದು ಇಬ್ಬರಲ್ಲೇ ಜಗಳವಾಗಿ ಕೊನೆಗೆ ಹಾಗೇ ಬಿಟ್ಟರು. ನಮ್ಮ ಪುರಾತತ್ವದವರಿಗೂ ಇದೇ ಜಗಳ ನಿತ್ಯ ಇರಬಹುದು.

ಚರಿತ್ರೆ ಸಾಕಾದ ಮೇಲೆ ಕತೆ. ಬಾರಕೂರಿನಲ್ಲಿ ಭೂತಾಳ ಪಾಂಡ್ಯನ ಕತೆ ಹೇಳದೆ ಬರುವುದುಂಟೇ? ಅರಸನ ಹಡಗಿಗೆ ಕುಂಡೋದರನೆಂಬ ಭೂತ ಬಲಿ ಕೇಳಿದ್ದು, ಹೆಂಡತಿ ತನ್ನ ಮಕ್ಕಳನ್ನು ಕೊಡಲಾರೆ ಎಂದದ್ದು, ತಂಗಿ ತನ್ನ ಮಗನನ್ನು ಕೊಡಲು ಒಪ್ಪಿದ್ದು, ಭೂತ ಮೆಚ್ಚಿ ಹುಡುಗನನ್ನು ಉಳಿಸಿ ಆಸ್ತಿಯೆಲ್ಲ ಅಳಿಯನಿಗೇ ಸೇರತಕ್ಕದ್ದು ಎಂದದ್ದು. ಅಳಿಯಕಟ್ಟು ಹೀಗೆ ಬಂತೆಂದು ಹೇಳಿಕೆ. ವಿದ್ವಾಂಸರು ಇದನ್ನು ಕತೆ ಎಂದೇ ಬದಿಗಿಟ್ಟಿದ್ದಾರೆ. ಆದರೆ ಸೋದರಮಾವನೊಬ್ಬ ತಂಗಿಯ ಮಗನಿಗೆ ಈ ಕತೆ ಹೇಳುವಾಗ ಸ್ವಲ್ಪ ಹುಷಾರಿರಬೇಕು. “ಹಾಗಾದರೆ ನಿಮ್ಮ ಬುಲೆಟ್ ನನಗಾ?” ಎಂದು ಅಳಿಯ ಕೇಳಿಯೇ ಬಿಟ್ಟ. ಕಡಲಿಗೆ ಹಾಕಿಸಿಕೊಳ್ಳಲು ತಯಾರಿದ್ದರೆ ಎಂದೆ.

ಆ ರಾತ್ರಿ ಬ್ರಹ್ಮಾವರದ ನೆಂಟರ ಮನೆಯಲ್ಲಿ ಉಳಿದೆವು. ಬಾರಕೂರು, ದ್ವೀಪ ಎರಡನ್ನೂ ಒಂದೇ ದಿನ ಮುಗಿಸುವ ಶೂರರು ಇದ್ದಾರೆ. ಮಕ್ಕಳೊಂದಿಗೆ ಅದು ಬೇಡ. ಬೇಸಿಗೆ ಬಿಸಿಲಾದರೆ ಅಂತೂ ಬೇಡವೇ ಬೇಡ. ಎರಡನೆಯ ಹಾಳು ನೋಡುವಷ್ಟರಲ್ಲಿ ಮಕ್ಕಳಿಗೆ ಎಲ್ಲ ಕಲ್ಲೂ ಒಂದೇ. ಮಲ್ಪೆಯ ಬೋಟುಗಳೂ ಮಳೆಗಾಲದಲ್ಲಿ ನಿಂತು ಕಡಲು ತಣ್ಣಗಾದ ಮೇಲಷ್ಟೇ ಹೊರಡುತ್ತವೆ. ದೊಡ್ಡ ಬೋಟು ದ್ವೀಪದ ದಡದವರೆಗೆ ಹೋಗುವುದಿಲ್ಲ, ಮಧ್ಯೆ ಸಣ್ಣ ಬೋಟಿಗೆ ಇಳಿಯಬೇಕು. ಆ ಓಲಾಟದಲ್ಲಿ ತಂಗಿಯ ಮುಖ ನೋಡಬೇಕಿತ್ತು. ಮಕ್ಕಳಿಗೆ ಅದೇ ಪ್ರಯಾಣದ ಅತ್ಯುತ್ತಮ ಭಾಗ.

ದ್ವೀಪದಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕಂಬಗಳು. ಕೆತ್ತಿ, ಮೂಲೆಮಟ್ಟ ಹಿಡಿದು, ಒಂದಕ್ಕೊಂದು ತಾಗಿಸಿ ನಿಲ್ಲಿಸಿದಂತೆ. ಕೆಲವು ನೆಟ್ಟಗೆ, ಕೆಲವು ವಾಲಿ, ಕೆಲವು ತುಂಡಾಗಿ ಮೆಟ್ಟಿಲಿನ ಹಾಗೆ. ಚಿಕ್ಕವನು ಒಂದರ ತಲೆಯ ಮೇಲೆ ನಿಂತು ಬದಿಗಳನ್ನು ಎಣಿಸಿದ: ಆರು. ಪಕ್ಕದ್ದು ಐದು. ಇನ್ನೊಂದು ಏಳು. ಬಾರಕೂರಿನಿಂದ ನೇರ ಬಂದವನಿಗೆ ಸಹಜವಾಗಿಯೇ ಬಂದ ಪ್ರಶ್ನೆ: “ಇದನ್ನು ಯಾರು ಕಟ್ಟಿದ್ದು?” ನಿನ್ನೆ ಮನುಷ್ಯರು ಕಟ್ಟಿದ್ದನ್ನು ನೋಡಿ ಒಡೆದವರು ಯಾರೆಂದು ಕೇಳಿದ ಮಕ್ಕಳು, ಇವತ್ತು ಮನುಷ್ಯರಿಲ್ಲದ ಕಾಲದ ಕಲ್ಲು ನೋಡಿ ಕಟ್ಟಿದವರು ಯಾರೆಂದು ಕೇಳಿದರು. ಎರಡೂ ಸಲ ಅವರಿಗೆ ಬೇಕಾದದ್ದು ಒಬ್ಬ ಆಳು.

ದೇವರು ಎಂದರೆ ಒಂದೇ ಪದದಲ್ಲಿ ಮುಗಿಯುತ್ತಿತ್ತು. ಪ್ರಕೃತಿ ಎಂದರೂ ಅಷ್ಟೇ, ಅದು ಓದಿದವರ ದೇವರು. ನಾನು ಕಲ್ಲಿನ ಮೇಲೆ ಕೂತು ಹೇಳಲು ನೋಡಿದೆ. ಬೇಸಾಯವಿಲ್ಲದ ಗದ್ದೆಯ ಕೆಸರು ಒಣಗುವಾಗ ಮೇಲ್ಮೈ ಕುಗ್ಗಿ ಬಿರುಕುಬಿಡುತ್ತದಲ್ಲ, ಬಿರುಕುಗಳು ಕೂಡುವಲ್ಲಿ ಮೂರು ದಾರಿ ಸೇರಿದಂತಾಗಿ ಐದಾರು ಮೂಲೆಯ ಹೆಂಟೆಗಳಾಗುತ್ತವಲ್ಲ, ಇಲ್ಲೂ ಹಾಗೇ. ಕೆಸರಿನ ಬದಲು ಭೂಮಿಯೊಳಗಿಂದ ಉಕ್ಕಿದ ಲಾವಾ. ಅದು ಆರುತ್ತಾ ಕುಗ್ಗಿತು, ಬಿರುಕು ತಣಿದ ಮೇಲ್ಮೈಯಿಂದ ಒಳಗೊಳಗೇ ಇಳಿಯುತ್ತಾ ಹೋಯಿತು, ಬಿರುಕುಗಳ ನಡುವೆ ಉಳಿದದ್ದು ಕಂಬವಾಯಿತು. ಕಾಲ ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದು ಬಿಟ್ಟುಹೋಗುವ ಹೊತ್ತು. ಅದೇ ಹೊತ್ತಿನ ಲಾವಾ ಆ ಕಡೆ ಮಡಗಾಸ್ಕರಿನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದೂ ಇದಕ್ಕೇ. ಚಿಕ್ಕವನು ಕಡಲಿನ ಕಡೆ ತಿರುಗಿ ಮಡಗಾಸ್ಕರ್ ಕಾಣುತ್ತದಾ ಎಂದು ನೋಡಿದ. ಅಕ್ಕ ಒಪ್ಪಲಿಲ್ಲ. “ಯಾರಾದರೂ ಜೋಡಿಸಿರಬೇಕು” ಎಂದಳು. ಅವಳೊಬ್ಬಳೇ ಹಾಗೆ ಹೇಳುವವಳಲ್ಲ. ಉತ್ತರ ಐರ್ಲೆಂಡಿನಲ್ಲಿ ಇಂಥದೇ ಕಂಬಗಳ ಕಡಲತೀರವಿದೆ. ಸ್ಕಾಟ್ಲೆಂಡಿಗೆ ದಾಟಲು ದೈತ್ಯನೊಬ್ಬ ಹಾಕಿದ ದಾರಿ ಅದೆಂದು ಅಲ್ಲಿಯವರು ಕತೆ ಕಟ್ಟಿ ಅದಕ್ಕೆ ದೈತ್ಯನ ಹೆಸರನ್ನೇ ಇಟ್ಟಿದ್ದಾರೆ. ನಮ್ಮಲ್ಲಿ ಅಂಥ ಕತೆಯನ್ನು ಯಾಕೆ ಯಾರೂ ಕಟ್ಟಲಿಲ್ಲವೋ. ಭೂತಕ್ಕೆ ಹಡಗು ತಳ್ಳುವ ಕೆಲಸ ಕೊಟ್ಟವರು ಕಲ್ಲು ಜೋಡಿಸುವ ಕೆಲಸವನ್ನೂ ಕೊಡಬಹುದಿತ್ತು.

ವಾಸ್ಕೋ ಡ ಗಾಮ 1498ರಲ್ಲಿ ಈ ದ್ವೀಪಗಳಿಗೆ ಬಂದು ಒಂದು ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂದು ಗೈಡುಗಳು ಹೇಳುತ್ತಾರೆ. ಕಲ್ಲಿಕೋಟೆಗೆ ಹೋಗುವ ದಾರಿಯಲ್ಲಿ ಎಂದೂ ಸೇರಿಸುತ್ತಾರೆ. ಅಲ್ಲ, ಅಲ್ಲಿಂದ ಹಿಂದೆ ಹೋಗುವಾಗ. ಇಷ್ಟು ಸಾವಿರ ಕಂಬ ನಿಂತಿರುವಲ್ಲಿ ಅವನು ಇನ್ನೊಂದು ಕಂಬ ನೆಟ್ಟದ್ದು ಮಕ್ಕಳಿಗೆ ಬಹಳ ತಮಾಷೆಯಾಗಿ ಕಂಡಿತು. ಇದೇ ಸಾಲಿನ ದರಿಯಾ ಬಹಾದ್ದೂರ್‌ಗಢದಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಉಳಿಕೆ ಇದೆ. ಅಂದರೆ ಹಾಳೂ ದ್ವೀಪವೂ ಒಂದೇ ಕಡೆ. ನಮ್ಮ ಬೋಟು ಅಲ್ಲಿಗೆ ಹೋಗುವುದಿಲ್ಲ ಎಂದಾಗ ಇಬ್ಬರೂ ಮುಖ ಊದಿಸಿಕೊಂಡರು. ಹಾಳು ನೋಡಲಾಗಲಿಲ್ಲವೆಂದು ಮಕ್ಕಳು ಮುನಿಸಿಕೊಂಡದ್ದನ್ನು ನಾನು ಇದೇ ಮೊದಲು ನೋಡಿದ್ದು.

ಮುಂದಿನ ರಜೆಗೆ ಮೂಡುಬಿದಿರೆ ಎಂದು ಈಗಲೇ ನಿಶ್ಚಯವಾಗಿದೆ. ಕಾರೂ ಬೇಡ, ನಮ್ಮ ಕೈಕಂಬದಲ್ಲೇ ಬಸ್ಸು. 1430ರ ಸಾವಿರ ಕಂಬದ ಬಸದಿಯನ್ನು ಹಾಳು ಎನ್ನುವಂತಿಲ್ಲ, ಅಲ್ಲಿ ಪೂಜೆ ನಡೆಯುತ್ತಿದೆ. ಹಾಗಾಗಿ ಚಿಕ್ಕವನಿಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಕೊಡಂಗಲ್ಲಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದ ಮುರಕಲ್ಲಿನ ಸಮಾಧಿಗಳಿವೆ ಎಂದ ಮೇಲೆ ಒಪ್ಪಿದ. ಅಕ್ಕನಿಗೆ ಚೌಟರ ಅರಮನೆಯ ಮರದ ಕಂಬವೊಂದರ ಫೋಟೊ ಕಳುಹಿಸಿದ್ದೇನೆ: ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಆನೆಯಾಗಿರುವ ನವನಾರಿ ಕುಂಜರ. ಅವಳಿಗೆ ಇನ್ನೂ ಏಳೇ ಜನ ಸಿಕ್ಕಿದ್ದಾರೆ. ದಿನಾ ರಾತ್ರಿ ಫೋನ್ ಮಾಡಿ ಉಳಿದಿಬ್ಬರು ಎಲ್ಲಿ ಎಂದು ಕೇಳುತ್ತಾಳೆ, ನಾನು ಹೇಳಿಲ್ಲ.