ನುಗ್ಗೋದಾ, ಒಯ್ಯಲ್ಪಡೋದಾ?

ಇವತ್ತು ಎರಡು ಗ್ರೀಕ್ ಪದ ನೋಡೋಣ.

ಮೊದಲನೆಯದು 'ಹೊರ್ಮಾವೊ', ಅಂದ್ರೆ ರಭಸದಿಂದ ನುಗ್ಗು. ಹೊಸ ಒಡಂಬಡಿಕೆಯಲ್ಲಿ ಇದು ಬರೋದು ಐದೇ ಸಲ. ಮೂರು ಸುವಾರ್ತೆಗಳಲ್ಲಿ, ಹಂದಿಗಳ ಹಿಂಡು ದಡದಿಂದ ನೀರಿಗೆ ನುಗ್ಗಿದಾಗ. ಆಮೇಲೆ, ಜನ ಕಿವಿ ಮುಚ್ಚಿಕೊಂಡು ಸ್ತೆಫನನ ಮೇಲೆ ಬಿದ್ದಾಗ. ಕೊನೆಗೆ, ಎಫೆಸದ ಗುಂಪು ನಾಟಕಶಾಲೆಗೆ ನುಗ್ಗಿದಾಗ. ಅಲ್ಲಿ ಹೆಚ್ಚಿನವರಿಗೆ ಯಾಕೆ ಬಂದೆವು ಅಂತಲೇ ಗೊತ್ತಿರಲಿಲ್ಲ! ಐದರಲ್ಲಿ ಒಂದೂ ಒಳ್ಳೇ ಓಟವಲ್ಲ.

ಎರಡನೆಯದು 'ಫೆರೋ', ಅಂದ್ರೆ ಹೊತ್ತುಕೊಂಡು ಹೋಗು. ಅಪೊಸ್ತಲರ ಕೃತ್ಯಗಳು 27ರಲ್ಲಿ ಬಿರುಗಾಳಿ ಪೌಲನ ಹಡಗನ್ನು ಹೀಗೇ ಒಯ್ಯುತ್ತೆ. 2 ಪೇತ್ರ 1:21ರಲ್ಲಿ ಪವಿತ್ರಾತ್ಮನು ಪ್ರವಾದಿಗಳನ್ನು ಒಯ್ಯುತ್ತಾನೆ. ಪಂಚಾಶತ್ತಮ ದಿನದ ಗಾಳಿಗೂ ಇದೇ ಪದ.

ಎರಡರಲ್ಲೂ ವೇಗ ಇದೆ. ಹಾಗಾಗಿ ವೇಗ ನೋಡಿ ಮೋಸ ಹೋಗಬೇಡಿ. ಪ್ರಶ್ನೆ ಒಂದೇ: ನಿನ್ನನ್ನು ಓಡಿಸ್ತಿರೋದು ಯಾರು?

ಮ್ಯಾನೇಜರ್ ಬೈದ ರಾತ್ರಿ ನಾನು ರಾಜೀನಾಮೆ ಮೇಲ್ ಕಳಿಸಿದೆ. "ಸ್ವಲ್ಪ ಕಾಯಿರಿ, ಪ್ರಾರ್ಥನೆ ಮಾಡೋಣ" ಅಂದಳು ನನ್ನ ಹೆಂಡತಿ. ಕೇಳಲಿಲ್ಲ. ಭಾನುವಾರ ಇದೇ ಸಭೆಯಲ್ಲಿ "ಆತ್ಮನು ನಡೆಸಿದ" ಅಂತ ಸಾಕ್ಷಿ ಹೇಳಿದೆ. ಅದು ಆತ್ಮನಲ್ಲ, ನನ್ನ ಸಿಟ್ಟು. ಆರು ತಿಂಗಳು ಬಾಡಿಗೆ ಕಟ್ಟಿದ್ದು ಅವಳು. ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ಆ ಸಾಕ್ಷಿಯನ್ನು ಇವತ್ತು ನಿಮ್ಮ ಮುಂದೆ ಹಿಂದಕ್ಕೆ ತಗೋತೀನಿ.

ಸ್ತೆಫನನ ಮೇಲೆ ಬಿದ್ದವರು ಮೊದಲು ಕಿವಿ ಮುಚ್ಚಿಕೊಂಡರು. ನಾನೂ ಅಷ್ಟೇ. ಈ ವಾರ ಕೆಲಸ, ಮದುವೆ, ಸೇವೆ, ಯಾವುದಕ್ಕೇ ಓಡುವ ಮುಂಚೆ ಕೇಳಿಕೊಳ್ಳಿ: ನನ್ನ ಕಿವಿ ತೆರೆದಿದೆಯಾ?

ಕರ್ತನೇ, ನಮ್ಮನ್ನು ನೀನೇ ಒಯ್ಯಿ. ಆಮೆನ್.