ಬಹಿಷ್ಕಾರವು ಶಿಕ್ಷೆಯೆ?

ಶಿಕ್ಷಣ, ಶಿಕ್ಷೆ ಎಂಬೆರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಕಲಿಯುವುದೆಂಬುದೇ ಆ ಧಾತುವಿನ ಅರ್ಥ. ಆದುದರಿಂದ ವಿದ್ಯಾಶಾಲೆಯಲ್ಲಿ ವಿಧಿಸತಕ್ಕ ದಂಡನೆಯು ಅಪರಾಧಿಗೆ ಏನನ್ನಾದರೂ ಕಲಿಸುವಂತಿರಬೇಕೆಂಬುದು ಕೇವಲ ದಯೆಯ ಮಾತಲ್ಲ, ಶಬ್ದಾರ್ಥದ ಮಾತೇ ಆಗಿದೆ. ಹೀಗಿರಲು, ತಪ್ಪುಮಾಡಿದ ಬಾಲಕನನ್ನು ಕೆಲವು ದಿನ ಶಾಲೆಗೆ ಬಾರದಂತೆ ತಡೆಯುವುದೂ, ಅವನ ಹೆಸರನ್ನೇ ಹೊಡೆದುಹಾಕಿ ಹೊರದೂಡುವುದೂ ಶಿಕ್ಷೆಯೆನಿಸುವುವೆ, ಇಲ್ಲವೆ ಗುರುವು ತನ್ನ ಹೊರೆಯನ್ನು ಇಳಿಸಿಕೊಳ್ಳುವ ಉಪಾಯ ಮಾತ್ರವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸಾರ್ವಜನಿಕ ಶಾಲೆಗಳು ಅರ್ಧಶತಮಾನದಿಂದ ಈ ಪ್ರಶ್ನೆಯನ್ನು ಎದುರಿಸುತ್ತ ಬಂದಿವೆ.

ಬಹಿಷ್ಕಾರದ ಪಕ್ಷದಲ್ಲಿ ಹೇಳತಕ್ಕದ್ದು ಅಲ್ಪವಲ್ಲ. ಬುಟ್ಟಿಯಲ್ಲಿ ಕೊಳೆತ ಹಣ್ಣೊಂದಿದ್ದರೆ ಉಳಿದವೂ ಕೆಡುವುವೆಂದು ಲೋಕವು ಬಲ್ಲದು. ಒಬ್ಬನ ಉದ್ಧಟತನದಿಂದ ಮೂವತ್ತು ಮಕ್ಕಳ ಪಾಠವು ಕೆಡುವುದಾದರೆ ಅವರ ತಂದೆತಾಯಿಗಳಿಗೆ ಉಪಾಧ್ಯಾಯನು ಏನು ಉತ್ತರ ಕೊಟ್ಟಾನು? ಆಯುಧ ಹಿಡಿದು ಬಂದವನನ್ನು ತಡೆಯದಿರುವುದು ದಯೆಯಲ್ಲ. ಈ ಭಯದಿಂದಲೇ 1994ರಲ್ಲಿ ಅಲ್ಲಿನ ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡಿತು. ಬಂದೂಕು ತಂದ ವಿದ್ಯಾರ್ಥಿಯನ್ನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಹೊರಗಿಡುವ ನಿಯಮವು, ಕೇಂದ್ರದ ಶಿಕ್ಷಣಧನವನ್ನು ಪಡೆಯುವ ಸಂಸ್ಥಾನಗಳಿಗೆಲ್ಲ ಕಡ್ಡಾಯವಾಯಿತು.

ಆದರೆ ಭಯದಿಂದ ಹುಟ್ಟಿದ ನಿಯಮವು ತನ್ನ ಎಲ್ಲೆಯಲ್ಲಿಯೇ ನಿಲ್ಲುವುದು ಅಪೂರ್ವ. ಬಂದೂಕಿಗಾಗಿ ಹುಟ್ಟಿದ ಕಾಠಿಣ್ಯವು ಎದುರುಮಾತಿಗೂ ಗಲಾಟೆಗೂ ಹಬ್ಬಿತು. ಟೆಕ್ಸಾಸಿನಲ್ಲಿ ಸುಮಾರು ಹತ್ತು ಲಕ್ಷ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಂತೆ, ಏಳನೆಯ ತರಗತಿಯಿಂದ ಹನ್ನೆರಡರೊಳಗೆ ನೂರಕ್ಕೆ ಸುಮಾರು 60 ಮಂದಿ ಒಮ್ಮೆಯಾದರೂ ತರಗತಿಯಿಂದಲೋ ಶಾಲೆಯಿಂದಲೋ ಹೊರಗಿಡಲ್ಪಟ್ಟಿದ್ದರು. ಇಂತಹ ಕ್ರಮಗಳಲ್ಲಿ ಕಾನೂನು ಕಡ್ಡಾಯಪಡಿಸಿದ್ದು ನೂರಕ್ಕೆ ಸುಮಾರು 3 ಮಾತ್ರ. ಮಿಕ್ಕವೆಲ್ಲ ಶಾಲಾಧಿಕಾರಿಗಳ ವಿವೇಚನೆಯ ಫಲ. ನೂರರಲ್ಲಿ ಅರುವತ್ತು ಹಣ್ಣು ಕೊಳೆತವೆಂದು ಹೇಳುವವನು ಬುಟ್ಟಿಯನ್ನೂ ಒಮ್ಮೆ ಪರೀಕ್ಷಿಸಬೇಡವೆ?

ವಿವೇಚನೆಯು ಎಲ್ಲರ ವಿಷಯದಲ್ಲಿಯೂ ಸಮವಾಗಿರಲಿಲ್ಲವೆಂಬುದು ಇನ್ನೊಂದು ದೋಷ. ಸರಕಾರದ 2011-12ರ ಲೆಕ್ಕದಲ್ಲಿ, ತಾತ್ಕಾಲಿಕವಾಗಿ ಶಾಲೆಯಿಂದ ಹೊರಗಿಡಲ್ಪಟ್ಟವರು ಕರಿಯ ಮಕ್ಕಳಲ್ಲಿ ನೂರಕ್ಕೆ 16, ಬಿಳಿಯರಲ್ಲಿ 5. ವಿಚಾರಣೆಯಿಲ್ಲದ ದಂಡನೆಯ ಅನ್ಯಾಯವಂತೂ ಹಿಂದೆಯೇ ಬೆಳಕಿಗೆ ಬಂದಿತ್ತು. 1971ರಲ್ಲಿ ಓಹಾಯೋ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಡ್ವೈಟ್ ಲೋಪೆಜ್ ಎಂಬ ವಿದ್ಯಾರ್ಥಿಯು ಊಟದ ಕೋಣೆಯ ಗಲಭೆಯ ಸಂಬಂಧದಲ್ಲಿ ಬಹಿಷ್ಕೃತನಾದನು. ತಾನು ಪಕ್ಕದಲ್ಲಿ ನಿಂತಿದ್ದವನು ಮಾತ್ರವೆಂಬುದು ಅವನ ಹೇಳಿಕೆ. ಅದನ್ನು ಕೇಳುವವರೇ ಇರಲಿಲ್ಲ. 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರ ಮತದಿಂದ, ನಾಲ್ವರ ವಿರೋಧವಿದ್ದರೂ, ಆರೋಪವನ್ನು ತಿಳಿಸದೆ, ಬಾಲಕನ ಮಾತನ್ನು ಆಲಿಸದೆ ಅವನನ್ನು ಹತ್ತು ದಿನದ ಮಟ್ಟಿಗಾದರೂ ಹೊರಗಿಡತಕ್ಕದ್ದಲ್ಲವೆಂದು ತೀರ್ಪಿತ್ತಿತು. ಕಳ್ಳನಿಗೂ ಸಲ್ಲುವ ಮಾತಿನ ಹಕ್ಕು ಮಗುವಿಗೆ ಸಲ್ಲುವುದಕ್ಕೆ ಇಷ್ಟು ಕಾಲ ಹಿಡಿಯಿತು.

ಮುಂದೆ ಕ್ಯಾಲಿಫೋರ್ನಿಯವು ಬೇರೆ ದಾರಿಯನ್ನು ಹಿಡಿಯಿತು. ಕೇವಲ ಅವಿಧೇಯತೆಗಾಗಿ ಶಾಲೆಯಿಂದ ಹೊರಗಿಡುವುದನ್ನು 2014ರ ಶಾಸನವು ಮೂರನೆಯ ತರಗತಿಯವರೆಗೆ ನಿಷೇಧಿಸಿತು. 2023ರ ಶಾಸನವು ಆ ನಿಷೇಧವನ್ನು ಹನ್ನೆರಡನೆಯದರವರೆಗೆ ವಿಸ್ತರಿಸಿತು. ಬೇರೆ ಕಡೆಗಳಲ್ಲಿ, ತಪ್ಪುಮಾಡಿದವನನ್ನೂ ನೊಂದವನನ್ನೂ ಎದುರುಬದುರಾಗಿ ಕೂರಿಸಿ ಸಂಧಾನಮಾಡಿಸುವ ಪದ್ಧತಿಯು ಬಳಕೆಗೆ ಬಂದಿತು. ಇದೂ ಸರ್ವೌಷಧವಲ್ಲ. ಪಿಟ್ಸ್‌ಬರ್ಗಿನ ಶಾಲೆಗಳಲ್ಲಿ ನಡೆದ ಪ್ರಯೋಗದ 2018ರ ವರದಿಯಂತೆ, ಬಹಿಷ್ಕಾರದ ದಿನಗಳು ಕಡಿಮೆಯಾದವು, ಶಾಲೆಯ ವಾತಾವರಣವು ಸುಧಾರಿಸಿತೆಂದು ಉಪಾಧ್ಯಾಯರು ಹೇಳಿದರು. ಆದರೆ ಆರರಿಂದ ಎಂಟನೆಯ ತರಗತಿಯ ಮಕ್ಕಳ ಓದು ಹಿಂದೆಬಿದ್ದಿತು. ಬಾಗಿಲನ್ನು ತೆರೆದಿಟ್ಟ ಮಾತ್ರಕ್ಕೆ ಒಳಗಿನ ಪಾಠವು ತಾನಾಗಿ ನಡೆಯುವುದಿಲ್ಲವೆಂಬುದನ್ನು ದಯಾಪಕ್ಷದವರು ಮರೆಯಬಾರದು.

ಹಾಗಾದರೆ ನಿರ್ಣಯವೇನು? ಹಣ್ಣಿನ ಉಪಮೆಯೇ ಇಲ್ಲಿ ಸೋಲುತ್ತದೆ. ಕೊಳೆತ ಹಣ್ಣು ಮತ್ತೆ ಹಸನಾಗಲಾರದು, ಬಾಲಕನು ಆಗಬಲ್ಲನು. ತೆಗೆದೆಸೆದ ಹಣ್ಣು ಮಣ್ಣಾಗುವುದು, ಹೊರದೂಡಿದ ಬಾಲಕನು ಅದೇ ಊರಿನಲ್ಲಿ ಬೆಳೆದು ದೊಡ್ಡವನಾಗುವನು. ಇತರ ಮಕ್ಕಳ ರಕ್ಷಣೆಗಾಗಿ ಒಬ್ಬನನ್ನು ದೂರವಿಡಬೇಕಾದ ಪ್ರಸಂಗಗಳು ಉಂಟು. ಆಗ ಅದನ್ನು ರಕ್ಷಣೆಯೆಂದೇ ಕರೆಯಬೇಕು, ಶಿಕ್ಷೆಯೆಂದು ಕರೆದು ಕರ್ತವ್ಯವು ತೀರಿತೆಂದು ತಿಳಿಯಬಾರದು. ದೂರವಿಟ್ಟ ಪ್ರತಿಯೊಂದು ದಿನವೂ ಶಾಲೆಯು ಆ ಬಾಲಕನಿಗೆ ತೀರಿಸಬೇಕಾದ ಸಾಲ. ಅವನಿಗೆ ಆ ದಿನಗಳಲ್ಲಿ ಪಾಠ ಹೇಳುವವರಾರು, ಅವನು ಹಿಂದಿರುಗುವ ದಿನ ಯಾವುದು, ಬಂದಾಗ ಅವನನ್ನು ಎದುರುಗೊಳ್ಳುವವರಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಶಾಲೆಗೆ ಮಾತ್ರ ಬಾಗಿಲು ಮುಚ್ಚುವ ಅಧಿಕಾರವುಂಟು.